ಮಗು ಉಳಿಯದಿದ್ದರೂ ತಾಯಿಯ ಹಕ್ಕು ಉಳಿದಿರುತ್ತದೆ

ಹೆರಿಗೆ ವಾರ್ಡಿನಿಂದ ಮಗುವಿಲ್ಲದೆ ಮನೆಗೆ ಹೊರಡುವ ಬಾಣಂತಿಯ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕಾಗದ, ಡಿಸ್ಚಾರ್ಜ್ ಚೀಟಿ. ಅದರಲ್ಲಿ ಅವಳ ರಕ್ತದೊತ್ತಡ ಬರೆದಿರುತ್ತದೆ, ನುಂಗಬೇಕಾದ ಮಾತ್ರೆಗಳ ಹೆಸರಿರುತ್ತದೆ. ಮಗುವಿನ ತೂಕ ಎಷ್ಟಿತ್ತು, ಹುಟ್ಟಿದಾಗ ಅತ್ತಿತೇ, ಎಷ್ಟು ಹೊತ್ತು ಬದುಕಿತ್ತು, ಯಾಕೆ ಹೋಯಿತು ಎಂಬುದು ಇರುವುದು ಅಪರೂಪ. 'ಹೊಲಸು ನೀರು ಕುಡಿದಿತ್ತು', 'ಉಸಿರಾಟದ ತೊಂದರೆ' ಎಂಬ ಬಾಯಿಮಾತು ಗಂಡನಿಗೋ ಅತ್ತೆಗೋ ಸಿಕ್ಕಿರುತ್ತದೆ. ಕತ್ತಲಾಗುವ ಮೊದಲೇ ಮಣ್ಣು ಮಾಡುತ್ತಾರೆ. 'ಅಳಬೇಡ, ಸನ್ನಿ ಹಿಡಿದೀತು, ಇನ್ನೊಂದು ಆಗುತ್ತದೆ ಬಿಡು' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅದು ಪ್ರೀತಿಯ ಮಾತೇ. ಆದರೆ ಆ ಒಂದೆರಡು ದಿನಗಳಲ್ಲೇ ಕಾನೂನು ಆ ತಾಯಿಗೆ ತೆರೆದಿಟ್ಟ ಹಲವು ದಾರಿಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ.

ಇದು ಎಲ್ಲೋ ಒಬ್ಬಿಬ್ಬರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಜೀವಂತ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 35 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರು. ಅವರಲ್ಲಿ ಸುಮಾರು 25 ಮಕ್ಕಳು ಮೊದಲ 28 ದಿನವನ್ನೂ ದಾಟಿರಲಿಲ್ಲ. ಅವಧಿಗೆ ಮುಂಚೆ ಹುಟ್ಟುವುದು, ಕಡಿಮೆ ತೂಕ, ಹುಟ್ಟುವಾಗ ಉಸಿರುಗಟ್ಟುವುದು, ನಂಜು ಇವೇ ಮುಖ್ಯ ಕಾರಣಗಳು. ಇವುಗಳಲ್ಲಿ ಹೆಚ್ಚಿನವು ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ತಡೆಯಬಹುದಾದವು.

ಕಾಸು ಕೊಡಬೇಕಿಲ್ಲ, ಕಾರ್ಡಿಗಾಗಿ ಕಾಯಬೇಕಿಲ್ಲ

2011ರ ಜೂನ್ 1ರಂದು ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪೂರ್ತಿ ಉಚಿತ. ಸಿಸೇರಿಯನ್ ಆದರೂ ಅಷ್ಟೇ. ಔಷಧ, ರಕ್ತ, ಪರೀಕ್ಷೆ, ಸಹಜ ಹೆರಿಗೆಗೆ 3 ದಿನ ಮತ್ತು ಸಿಸೇರಿಯನ್‌ಗೆ 7 ದಿನದ ಊಟ, ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಮತ್ತೆ ಮನೆಗೆ ವಾಹನ, ಎಲ್ಲವೂ ಅದರಲ್ಲಿ ಸೇರಿದೆ. ಕಾಯಿಲೆ ಬಿದ್ದ ಶಿಶುವಿಗೆ ಮೊದಲು 30 ದಿನಗಳವರೆಗೆ ಇದ್ದ ಈ ಸೌಲಭ್ಯವನ್ನು ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಲಾಯಿತು. ಹಾಗಾಗಿ 'ಈ ಇಂಜೆಕ್ಷನ್ ಹೊರಗಿನಿಂದ ತನ್ನಿ' ಎಂದು ಚೀಟಿ ಬರೆದುಕೊಟ್ಟರೆ ಆ ಚೀಟಿಯನ್ನೂ ಅಂಗಡಿಯ ಬಿಲ್ಲನ್ನೂ ಎಸೆಯದೆ ಇಟ್ಟುಕೊಳ್ಳಿ. ದೂರು ಕೊಡುವಾಗ ಅವೇ ಸಾಕ್ಷಿ.

ಗಂಡು ಮಗುವಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ವಾರ್ಡಿನ ಬಾಗಿಲಲ್ಲಿ ಕೈಯೊಡ್ಡುವುದು ಲಂಚವೇ, ಖುಷಿಗೆ ಕೊಡುವ ಕಾಣಿಕೆಯಲ್ಲ. ಮಗುವಿನ ಮುಖ ನೋಡುವ ಆತುರದಲ್ಲಿ ಒತ್ತಾಯಕ್ಕೆ ಮಣಿದು ಕೊಟ್ಟಿದ್ದರೆ 7 ದಿನದೊಳಗೆ ಲೋಕಾಯುಕ್ತ ಪೊಲೀಸರಿಗೆ ತಿಳಿಸಬೇಕು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು ಈ ಅವಧಿಯೊಳಗೆ ತಿಳಿಸಿದರೆ ಮಾತ್ರ ಅವರಿಗೆ ರಕ್ಷಣೆ.

ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್ ಇಲ್ಲವೆಂದು ನೋವು ಬಂದವಳನ್ನು ವಾಪಸ್ ಕಳಿಸುವಂತಿಲ್ಲ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಒಬ್ಬ ಗರ್ಭಿಣಿಯನ್ನು ಕಾರ್ಡ್ ಇಲ್ಲವೆಂದು ಸರ್ಕಾರಿ ಆಸ್ಪತ್ರೆಯಿಂದ ಕಳಿಸಿದರೆಂಬ ಆರೋಪ ಬಂತು. ಆಕೆ ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತಳು. ತಾಯಿಯೂ ಉಳಿಯಲಿಲ್ಲ, ಎರಡು ಕೂಸುಗಳೂ ಉಳಿಯಲಿಲ್ಲ. ವೈದ್ಯೆಯನ್ನೂ ಶುಶ್ರೂಷಕಿಯರನ್ನೂ ಅಮಾನತು ಮಾಡಲಾಯಿತು. ಮೂರು ಜೀವ ಹೋದ ಮೇಲಿನ ಅಮಾನತು ಯಾವ ತಾಯಿಗೂ ಬೇಕಾದ ನ್ಯಾಯವಲ್ಲ. ಆದ್ದರಿಂದಲೇ ಬಾಗಿಲಲ್ಲಿ ನಿಂತಾಗಲೇ ಹೇಳಲು ಆಗುವಂತೆ ಎರಡು ತೀರ್ಪುಗಳನ್ನು ನೆನಪಿಟ್ಟುಕೊಳ್ಳಬೇಕು. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಬ್ಬ ವೈದ್ಯರೂ ಚಿಕಿತ್ಸೆ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು. 1996ರಲ್ಲಿ ಪಶ್ಚಿಮ ಬಂಗಾಳದ ಖೇತ್ ಮಜ್ದೂರ್ ಸಮಿತಿಯ ಪ್ರಕರಣದಲ್ಲಿ, ಸರ್ಕಾರಿ ಆಸ್ಪತ್ರೆ ಸಕಾಲಕ್ಕೆ ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಉಲ್ಲಂಘನೆ ಎಂದಿತು. ಹಣವಿಲ್ಲ ಎಂಬ ಕಾರಣ ಕೊಟ್ಟು ಸರ್ಕಾರ ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ಹಾಸಿಗೆಯಿಲ್ಲ, ವೆಂಟಿಲೇಟರ್ ಇಲ್ಲ ಎಂಬ ಉತ್ತರ ಕೇಳಿಸಿಕೊಳ್ಳುವ ತಾಲ್ಲೂಕುಗಳ ತಾಯಂದಿರಿಗೆ ಈ ಮಾತಿನ ತೂಕ ಗೊತ್ತಾಗಬೇಕು. ತಮ್ಮಲ್ಲಿ ಸೌಲಭ್ಯವಿಲ್ಲದಿದ್ದರೆ ಇರುವಲ್ಲಿಗೆ ವಾಹನದ ವ್ಯವಸ್ಥೆ ಮಾಡಿ, ಏನಾಗಿದೆಯೆಂದು ಬರೆದುಕೊಟ್ಟೇ ಕಳಿಸಬೇಕು. ಆಂಬುಲೆನ್ಸಿಗಾಗಿ 108ಕ್ಕೆ ಕರೆ ಮಾಡಿದ ಸಮಯವನ್ನು ಗುರುತು ಹಾಕಿಕೊಳ್ಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ಜಾಗವಿಲ್ಲದೆ ಖಾಸಗಿಗೆ ಹೋಗಬೇಕಾದರೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ನವಜಾತ ಶಿಶುವಿನ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ರೆಫರಲ್ ಚೀಟಿ ಕೇಳಿ ಪಡೆಯಿರಿ. ತುರ್ತಿದ್ದಾಗ ಚೀಟಿಯಿಲ್ಲದೆಯೂ ಹೋಗಬಹುದು, ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದ್ದರೆ ಸಾಕು.

ಇನ್ನು, ಮಗುವನ್ನು 'ಪೆಟ್ಟಿಗೆಯಲ್ಲಿ' ಇಟ್ಟಾಗ ತಾಯಿಯನ್ನು ಹೊರಗೆ ಕೂರಿಸುವ ಪದ್ಧತಿ. ಹೊಲಿಗೆ ಹಾಕಿಸಿಕೊಂಡ ಬಾಣಂತಿ ಕಾರಿಡಾರಿನಲ್ಲಿ ನೆಲದ ಮೇಲೆ ಕೂತು, ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವುದನ್ನು ಯಾವ ಜಿಲ್ಲಾಸ್ಪತ್ರೆಯಲ್ಲಾದರೂ ನೋಡಬಹುದು. ವಿಶೇಷ ನವಜಾತ ಶಿಶು ಘಟಕದಲ್ಲಿ ತಾಯಿ ಮತ್ತು ಮನೆಯವರಿಗೆ ತರಬೇತಿ ಕೊಟ್ಟು ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ 2017ರ ಮಾರ್ಗಸೂಚಿ ಹೇಳುತ್ತದೆ. ಕಡಿಮೆ ತೂಕದ ಕೂಸನ್ನು ಎದೆಗವಚಿಕೊಳ್ಳುವ ಕಾಂಗರೂ ಆರೈಕೆ ಅದರ ಮುಖ್ಯ ಭಾಗ. ಇದು ಕಾಯ್ದೆಯಲ್ಲ, ಮಾರ್ಗಸೂಚಿ. ಆದರೂ ಅದರ ಹೆಸರು ಹೇಳಿ 'ನನ್ನನ್ನು ಒಳಗೆ ಬಿಡಿ' ಎಂದು ಕೇಳುವ ಅಧಿಕಾರ ತಾಯಿಗಿದೆ. ಕೂಸು ಬದುಕಿದ್ದ ಅಷ್ಟು ಹೊತ್ತನ್ನಾದರೂ ಅವಳಿಂದ ಕಸಿಯಬಾರದು.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮಗು ಮೊಲೆ ಹಿಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಉಸಿರಾಡುವಾಗ ಎದೆ ಒಳಗೆ ಸೆಳೆದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಮುಂದಿನ ಭೇಟಿಗೆ ಕಾಯಬೇಡಿ.

ಮಗು ತೀರಿಕೊಂಡರೆ

ಮೊದಲ ಪ್ರಶ್ನೆ, ಮಗು ಜೀವಂತ ಹುಟ್ಟಿತ್ತೇ? 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ತಾಯಿಯಿಂದ ಬೇರೆಯಾದ ಮೇಲೆ ಕೂಸು ಉಸಿರಾಡಿದ್ದರೆ ಅಥವಾ ಜೀವದ ಬೇರೆ ಯಾವುದೇ ಲಕ್ಷಣ ತೋರಿದ್ದರೆ ಅದು ಜೀವಂತ ಜನನ. ಅದು ಹತ್ತು ನಿಮಿಷವಷ್ಟೇ ಬದುಕಿದ್ದರೂ ಜನನವನ್ನು ಒಮ್ಮೆ, ಮರಣವನ್ನು ಒಮ್ಮೆ, ಎರಡು ಸಲ ನೋಂದಾಯಿಸಬೇಕು. ಹೆಸರಿಡದಿದ್ದರೂ ನೋಂದಣಿಗೆ ಅಡ್ಡಿಯಿಲ್ಲ. 28 ವಾರ ತುಂಬಿದ ಮೇಲೆ ಜೀವವಿಲ್ಲದೆ ಹುಟ್ಟಿದರೆ ಅದನ್ನು ಸತ್ತು ಹುಟ್ಟಿದ್ದೆಂದು ಬೇರೆಯಾಗಿಯೇ ನೋಂದಾಯಿಸುತ್ತಾರೆ. ಅವಸರಕ್ಕೋ, ಲೆಕ್ಕ ಚೆನ್ನಾಗಿ ಕಾಣಲೆಂದೋ, ಅತ್ತ ಕೂಸನ್ನೂ ಸತ್ತು ಹುಟ್ಟಿದ್ದೆಂದು ಬರೆಯುವುದುಂಟು. ನೀವು ಅಳು ಕೇಳಿದ್ದರೆ, ಕೈಕಾಲು ಆಡಿದ್ದನ್ನು ನೋಡಿದ್ದರೆ ದಾಖಲೆ ಓದಿಸಿಕೊಂಡು ತಿದ್ದಿಸಿ. ತಪ್ಪು ನಮೂದನ್ನು ಸರಿಪಡಿಸಲು ಕಾಯ್ದೆಯಲ್ಲೇ ಅವಕಾಶವಿದೆ.

ಆಸ್ಪತ್ರೆಯಲ್ಲಿ ನಡೆದದ್ದನ್ನು ಆಸ್ಪತ್ರೆಯವರೇ ವರದಿ ಮಾಡಬೇಕು. ಹಳ್ಳಿಯಲ್ಲಿ ಮನೆಯಲ್ಲಾದರೆ ಊರಿನ ಜನನ ಮರಣ ನೋಂದಣಾಧಿಕಾರಿಗೆ ಮನೆಯವರು ತಿಳಿಸಬೇಕು. ಅವಧಿ 21 ದಿನ. ಅದು ದಾಟಿದರೆ ತಡ ಶುಲ್ಕ, 30 ದಿನ ದಾಟಿದರೆ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಇನ್ನೊಂದು ದೊಡ್ಡ ಉಪಕಾರ ಮಾಡಿದೆ. ಆಸ್ಪತ್ರೆಯಲ್ಲಿ ಸಾವಾದರೆ ಅದು ಸರ್ಕಾರಿಯಾಗಲಿ ಖಾಸಗಿಯಾಗಲಿ, ವೈದ್ಯರು ಸಹಿ ಮಾಡಿದ ಸಾವಿನ ಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕಳಿಸಿ, ಅದರ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಉಚಿತವಾಗಿ ಕೊಡಬೇಕು. 'ಯಾಕೆ ಹೋಯಿತು?' ಎಂದು ಜೀವನವಿಡೀ ತನ್ನನ್ನೇ ಕೇಳಿಕೊಳ್ಳುವ, ತಾನು ತಿಂದದ್ದೋ ಎತ್ತಿದ್ದೋ ಕಾರಣವೆಂದು ಕೊರಗುವ ತಾಯಿಗೆ ಕೊನೆಗೂ ಒಂದು ಉತ್ತರ ಬರಹದಲ್ಲಿ ಸಿಗಬೇಕೆಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಚಿಕಿತ್ಸೆಯ ದಾಖಲೆಯನ್ನೂ ಕೇಳಿ. 'ನನ್ನ ಹೆರಿಗೆಯ ಹಾಗೂ ನನ್ನ ಮಗುವಿನ ಚಿಕಿತ್ಸೆಯ ಕೇಸ್ ಶೀಟ್, ಶುಶ್ರೂಷಕಿಯರ ಟಿಪ್ಪಣಿ, ಪರೀಕ್ಷಾ ವರದಿಗಳ ಪ್ರತಿ ಕೊಡಬೇಕಾಗಿ ಕೋರುತ್ತೇನೆ' ಎಂದು ದಿನಾಂಕ ಹಾಕಿ ಬರೆದು, ಕೊಟ್ಟದ್ದಕ್ಕೆ ಸ್ವೀಕೃತಿ ಸಹಿ ಪಡೆಯಿರಿ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ಕೇಳಿದ 72 ಗಂಟೆಯೊಳಗೆ ವೈದ್ಯರು ಕೊಡಬೇಕು. ಸರ್ಕಾರಿ ಆಸ್ಪತ್ರೆ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಖಾಸಗಿ ಆಸ್ಪತ್ರೆ ಬಾಕಿ ಬಿಲ್ಲಿಗಾಗಿ ಕೂಸಿನ ದೇಹವನ್ನು ಇಟ್ಟುಕೊಳ್ಳುವಂತಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಅದನ್ನು ನಿಷೇಧಿಸಿದೆ. ಹಾಗೆ ಇಟ್ಟುಕೊಂಡರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ನಿರ್ಲಕ್ಷ್ಯದ ಅನುಮಾನ ಗಟ್ಟಿಯಾಗಿದ್ದರೆ ಮಣ್ಣು ಮಾಡುವ ಮೊದಲೇ ಪೊಲೀಸರಿಗೆ ಬರೆದುಕೊಟ್ಟು ಮರಣೋತ್ತರ ಪರೀಕ್ಷೆ ಕೇಳಬೇಕು. ಎಳೆ ಕೂಸಿನ ಮೈಗೆ ಕತ್ತರಿ ಹಾಕಿಸಲು ಯಾವ ತಾಯಿಗೂ ಮನಸ್ಸಾಗದು. ಬೇಡವೆನಿಸಿದರೆ ಅದೂ ಅವಳದೇ ತೀರ್ಮಾನ, ಯಾರೂ ಒತ್ತಾಯಿಸಬಾರದು. ಆದರೆ ಆಮೇಲೆ ಪ್ರಕರಣ ಸಾಬೀತುಪಡಿಸುವುದು ಕಷ್ಟವಾಗುತ್ತದೆ ಎಂಬುದನ್ನು ಆಗಲೇ ಯಾರಾದರೂ ಅವಳಿಗೆ ತಿಳಿಸಬೇಕು. ಪ್ರತಿ ಸಾವೂ ನಿರ್ಲಕ್ಷ್ಯದ್ದಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಉಳಿಯದ ಕೂಸುಗಳಿವೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ವೈದ್ಯರ ಮೇಲೆ ಕ್ರಿಮಿನಲ್ ಪ್ರಕರಣಕ್ಕೆ ಘೋರ ನಿರ್ಲಕ್ಷ್ಯ ಇರಬೇಕು, ತಜ್ಞರ ಅಭಿಪ್ರಾಯವೂ ಬೇಕು. ಪರಿಹಾರ ಕೇಳುವ ದಾರಿ ಬೇರೆ. ಹಣ ಪಡೆದು ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎಲ್ಲರಿಗೂ ಉಚಿತ ಸೇವೆ ಕೊಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯ ಅಥವಾ ಹೈಕೋರ್ಟ್ ದಾರಿ.

ಯಾರನ್ನೂ ಶಿಕ್ಷಿಸದೆ ಕಾರಣವನ್ನಷ್ಟೇ ಹುಡುಕುವ ವ್ಯವಸ್ಥೆಯೂ ಇದೆ. 2014ರ ಮಕ್ಕಳ ಮರಣ ಪರಿಶೀಲನಾ ಮಾರ್ಗಸೂಚಿಯಂತೆ ಐದು ವರ್ಷದೊಳಗಿನ ಮಗುವಿನ ಸಾವನ್ನು ಆಶಾ ವರದಿ ಮಾಡಬೇಕು, ಆರೋಗ್ಯ ಸಿಬ್ಬಂದಿ ಮನೆಗೆ ಬಂದು ವಿಚಾರಿಸಬೇಕು. ಬಂದಾಗ ಗಂಡಸರೇ ಮಾತು ಮುಗಿಸಿ ಕಳಿಸಬೇಡಿ. ನೋವು ಯಾವಾಗ ಶುರುವಾಯಿತು, ವಾಹನಕ್ಕೆ ಎಷ್ಟು ಹೊತ್ತು ಕಾದೆವು, ಎಲ್ಲೆಲ್ಲಿಗೆ ಕಳಿಸಿದರು ಎಂಬುದು ಗೊತ್ತಿರುವುದು ಹೆತ್ತವಳಿಗೆ.

ರಜೆ, ಸಂಬಳ, ಬಾಣಂತನ

'ಮಗುವೇ ಇಲ್ಲವಲ್ಲ, ಕೆಲಸಕ್ಕೆ ಬಾ' ಎನ್ನುವ ಮಾತನ್ನು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೇಳಿಸಿಕೊಳ್ಳುತ್ತಾರೆ. ಅದು ಕಾನೂನಿಗೆ ವಿರುದ್ಧ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ 'ಮಗು' ಎಂದರೆ ಸತ್ತು ಹುಟ್ಟಿದ ಮಗುವೂ ಸೇರುತ್ತದೆ. ಈ ಕಾಯ್ದೆ ಈಗ 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಅಲ್ಲೂ ಅದೇ ವ್ಯಾಖ್ಯೆ ಉಳಿದಿದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರದ ಸಂಬಳ ಸಹಿತ ರಜೆ ಸಿಗಬೇಕು. ಮಗು ತೀರಿಕೊಂಡಿತೆಂದು ತಾಯಿಯ ರಜೆಯನ್ನು ಮೊಟಕುಗೊಳಿಸುವ ನಿಯಮ ಇಲ್ಲ. ಇಬ್ಬರು ಮಕ್ಕಳಿರುವವರಿಗೆ 12 ವಾರ. ಆ ಲೆಕ್ಕದಲ್ಲಿ ಬದುಕಿರುವ ಮಕ್ಕಳನ್ನಷ್ಟೇ ಎಣಿಸಬೇಕು, ಹೋದ ಕೂಸನ್ನು ಎಣಿಸಿ ಮುಂದಿನ ಹೆರಿಗೆಯ ರಜೆ ಕಡಿತ ಮಾಡುವಂತಿಲ್ಲ. ಗರ್ಭಪಾತಕ್ಕೆ 6 ವಾರ, ಹೆರಿಗೆಯಿಂದ ಬಂದ ಕಾಯಿಲೆಗೆ ಇನ್ನೊಂದು ತಿಂಗಳು ಸಿಗುತ್ತದೆ. ಇಎಸ್‌ಐ ಇರುವವರಿಗೂ ಗರ್ಭದ 26 ವಾರ ದಾಟಿದ ಹೆರಿಗೆಯಲ್ಲಿ ಮಗು ಜೀವಂತವಿರಲಿ ಇಲ್ಲದಿರಲಿ ಸೌಲಭ್ಯವಿದೆ. ಕೂಲಿ ಮಾಡುವ ತಾಯಂದಿರಿಗೆ ಇಂಥ ರಜೆಯೇ ಇಲ್ಲ. ಇದು ನಮ್ಮ ಕಾನೂನಿನ ದೊಡ್ಡ ಕೊರತೆ. ಅವರಿಗಿರುವ ನೆರವುಗಳಲ್ಲಿ ಒಂದು, ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯ ನಗದು ಕಂತುಗಳು. ಗರ್ಭಪಾತವಾದರೆ ಅಥವಾ ಸತ್ತು ಹುಟ್ಟಿದರೆ ಮುಂದಿನ ಗರ್ಭಕ್ಕೆ ಹೊಸ ಫಲಾನುಭವಿಯಾಗಿ ಮತ್ತೆ ಅರ್ಜಿ ಹಾಕಬಹುದು.

ಮಗುವಿಲ್ಲದ ಬಾಣಂತಿಗೂ ಬಾಣಂತನ ಬೇಕು. ಎದೆಹಾಲು ಕಟ್ಟಿ ಜ್ವರ ಬರಬಹುದು, ರಕ್ತಸ್ರಾವ ಹೆಚ್ಚಬಹುದು, ನಂಜಾಗಬಹುದು. ಆಶಾ ಭೇಟಿಯೂ ತಾಯಿಗೆ ಸಿಗುವ ಉಚಿತ ಚಿಕಿತ್ಸೆಯೂ ನಿಲ್ಲಬಾರದು. ರಾತ್ರಿ ನಿದ್ದೆಯಿಲ್ಲದೆ ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಓಡಾಡಲು, ವಕೀಲರಿಗೆ ಕೊಡಲು ಹಣವೆಲ್ಲಿ ಎಂಬುದು ನ್ಯಾಯವಾದ ಪ್ರಶ್ನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಆದಾಯ ಎಷ್ಟೇ ಇರಲಿ, ಪ್ರತಿ ಹೆಣ್ಣಿಗೂ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ ಕೇಳಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ಹೋಗುವಾಗ ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ಹೊರಗಿನ ಔಷಧದ ಬಿಲ್ಲು, ದಾಖಲೆ ಕೇಳಿ ಕೊಟ್ಟ ಅರ್ಜಿಯ ಸ್ವೀಕೃತಿ ಪ್ರತಿ ಜೊತೆಗಿರಲಿ. ಬರೆಯಲು ಬಾರದಿದ್ದರೆ ಅಲ್ಲಿನ ಅರೆ ಕಾನೂನು ಸ್ವಯಂಸೇವಕರ ನೆರವು ಕೇಳಿ, ಅರ್ಜಿ ಬರೆದುಕೊಡುವುದು ಅವರ ಕೆಲಸ.