ಬೆಳಕಿಂಡಿಯಿಂದ ಬೆಳಕಷ್ಟೇ ಬರಲಿ

ಹನುಮಸಾಗರ, ಕುಷ್ಟಗಿ, ಯಲಬುರ್ಗಾ ಕಡೆಯ ಹಳೆಯ ಮಾಳಿಗೆ ಮನೆಗಳ ಗೋಡೆಗಳು ಒಂದಕ್ಕೊಂದು ಅಂಟಿಕೊಂಡೇ ನಿಂತವು. ನಡುಮನೆಗೆ, ಅಡುಗೆಮನೆಗೆ ಬೆಳಕು ಬರಬೇಕೆಂದರೆ ಮೇಲಿನಿಂದಲೇ ಬರಬೇಕು, ಹೊಗೆ ಹೋಗಬೇಕೆಂದರೂ ಅಲ್ಲಿಂದಲೇ. ಆ ದಾರಿಯೇ ಬೆಳಕಿಂಡಿ, ಕೆಲವರ ಬಾಯಲ್ಲಿ ಗವಾಕ್ಷಿ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಬೇವಿನ ಸೊಪ್ಪು, ಅದರ ಮೇಲೆ ಅಡಿಯಷ್ಟು ದಪ್ಪದ ಮಣ್ಣು, ಕೊನೆಗೆ ಸವಳು ಮಣ್ಣಿನ ಹೊದಿಕೆ. ಇಷ್ಟನ್ನೂ ಸೀಳಿಕೊಂಡು ಇಳಿಯುತ್ತಿದ್ದ ಆ ಕಿಂಡಿಯ ಸುತ್ತ ತಾನಾಗಿಯೇ ಅಡಿ ದಪ್ಪದ ಕಾಪು ಇರುತ್ತಿತ್ತು. ಆರ್‌ಸಿಸಿ ಬಂದ ಮೇಲೆ ಮಾಳಿಗೆಯ ದಪ್ಪ 4-5 ಇಂಚಿಗೆ ಇಳಿಯಿತು. ಕಿಂಡಿಯನ್ನು ಮಾತ್ರ ಹಾಗೇ ಉಳಿಸಿಕೊಂಡೆವು, ಅದೂ ದೊಡ್ಡದಾಗಿ, ಮೇಲೊಂದು ಗಾಜು ಇಲ್ಲವೇ ಪಾಲಿಕಾರ್ಬೊನೇಟ್ ಹಾಳೆ ಹೊದಿಸಿ. ಈಗ ಕೇಳಿಬರುವ ಎರಡು ದೂರುಗಳೂ, ಅಂದರೆ ಬೇಸಿಗೆಯಲ್ಲಿ ಕೆಳಗೆ ಕೂರಲಾಗದ ಕಾವು ಮತ್ತು ಮಳೆಗಾಲದಲ್ಲಿ ಗೋಡೆಗುಂಟ ಇಳಿಯುವ ನೀರು, ಹುಟ್ಟಿದ್ದು ಇಲ್ಲಿಂದ. ಆದ್ದರಿಂದ ಮಾಡಬೇಕಾದ ಕೆಲಸ ಕಿಂಡಿ ಮುಚ್ಚುವುದಲ್ಲ, ಕಳೆದುಹೋದ ಆ ದಪ್ಪವನ್ನು ಅದರ ಸುತ್ತ ಮತ್ತೆ ಕಟ್ಟುವುದು.

ಕಾವು ಬರುವುದು ಗಾಜಿನಿಂದ, ಅಂಚನ್ನು ದುರಸ್ತಿ ಮಾಡಿ ಏನು ಫಲ ಎಂಬ ಪ್ರಶ್ನೆ ಸಹಜ, ಅದರಲ್ಲಿ ಅರ್ಧ ಸತ್ಯವೂ ಇದೆ. ಹನುಮಸಾಗರ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ಮೋಡವಿಲ್ಲದ ದಿನ ಪ್ರತಿ ಚದರ ಮೀಟರಿಗೆ ಸುಮಾರು 1000 ವಾಟ್ ಬಿಸಿಲು ಬೀಳುತ್ತದೆ. ಒಂದಡಿ ಚೌಕದ ಹಳೆಯ ಕಿಂಡಿಗೆ ಅದರಲ್ಲಿ 90 ವಾಟ್ ಪಾಲು. ಇಂದಿನ ಮೂರಡಿ ಚೌಕದ ಕಿಂಡಿಗೆ 800ಕ್ಕೂ ಹೆಚ್ಚು, ಎಂದರೆ ನಡುಮನೆಯಲ್ಲಿ ಒಂದು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟಂತೆ. ಆದರೆ ಈ ಕಾವನ್ನು ಒಂದು ಗೋಣಿತಾಟು ಹೊದಿಸಿ ತಡೆಯಬಹುದು, ಹೊತ್ತು ಮುಳುಗಿದ ಮೇಲೆ ಅದು ತಾನೇ ನಿಲ್ಲುತ್ತದೆ. ಅಂಚಿನದು ಹಾಗಲ್ಲ. ಕಿಂಡಿಯ ಸುತ್ತಲ ಸ್ಲ್ಯಾಬು ಮತ್ತು ಕಬ್ಬಿಣದ ಚೌಕಟ್ಟು ದಿನವಿಡೀ ಹೀರಿದ ಕಾವನ್ನು, ಜನ ಹಾಸಿಗೆ ಹಾಸುವ ಹೊತ್ತಿಗೆ ಒಳಗೆ ಬಿಡತೊಡಗುತ್ತವೆ. ನೀರಂತೂ ಗಾಜು ಒಡೆಯದ ಹೊರತು ಬರುವುದು ಅಂಚಿನಿಂದಲೇ.

ಕೆಲಸಕ್ಕೆ ಸರಿಯಾದ ಕಾಲ ಯುಗಾದಿಯಿಂದ ರೋಹಿಣಿ ಮಳೆ ಹಿಡಿಯುವ ತನಕ. ಮೊದಲು ತಪಾಸಣೆ. ಮಧ್ಯಾಹ್ನ ಮೂರರ ಹೊತ್ತಿಗೆ ಏಣಿ ಹತ್ತಿ ಒಳಗಿನಿಂದ ಕಿಂಡಿಯ ಅಂಚನ್ನು ಮುಟ್ಟಿ, ಆಮೇಲೆ ಎರಡಡಿ ಆಚೆಗಿನ ಛಾವಣಿಯನ್ನು ಮುಟ್ಟಿ. ಅಂಚು ಹೆಚ್ಚು ಸುಡುತ್ತಿದ್ದರೆ ಕಾವು ಚೌಕಟ್ಟಿನ ಮೂಲಕ ಇಳಿಯುತ್ತಿದೆ ಎಂದರ್ಥ. ನೀರಿನ ದಾರಿ ಹುಡುಕಲು ಮೇಲಿನಿಂದ ಒಮ್ಮೆಲೇ ಕೊಡ ಸುರಿಯಬೇಡಿ. ಮೊದಲು ಬುಡಕ್ಕಷ್ಟೇ ಅರ್ಧ ತಾಸು ನೀರು ಬಿಟ್ಟು ಒಳಗೆ ನೋಡಿ, ಆಮೇಲೆ ಚೌಕಟ್ಟಿನ ಸಂದಿಗೆ ಬಿಡಿ. ಯಾವ ಹಂತದಲ್ಲಿ ತೇವ ಕಂಡಿತೋ ರೋಗ ಅಲ್ಲಿದೆ. ಹಳೆಯ ಡಾಂಬರು, ಸಿಮೆಂಟಿನ ತೇಪೆಗಳನ್ನೆಲ್ಲ ಕಿತ್ತುಹಾಕದೆ ಮುಂದಿನ ಕೆಲಸಕ್ಕೆ ಕೈಹಾಕಬಾರದು. ತೇಪೆಯ ಮೇಲಿನ ತೇಪೆ ಒಂದು ಮಳೆಗಾಲವನ್ನೂ ತಾಳುವುದಿಲ್ಲ.

ಆರ್‌ಸಿಸಿ ಮಾಳಿಗೆಯಾದರೆ ಕಿಂಡಿಯ ಸುತ್ತ 9 ಇಂಚು ಎತ್ತರದ ಕಟ್ಟೆ ಎಬ್ಬಿಸಬೇಕು. ಗೌಂಡಿಗೆ ಹೇಳಬೇಕಾದ ಮುಖ್ಯ ಮಾತೆಂದರೆ ಗೋಡೆ ಒಂದಲ್ಲ, ಎರಡು. ಸ್ಲ್ಯಾಬಿನ ಮೈಯನ್ನು ಉಳಿಯಿಂದ ಒರಟು ಮಾಡಿ, ತೊಯಿಸಿ, ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗೋಡೆ ಕಟ್ಟಿಸಿ, ಮೂರಿಂಚು ಸಂದು ಬಿಟ್ಟು ಅದೇ ರೀತಿ ಹೊರಗೋಡೆ ಕಟ್ಟಿಸಿ. ಎರಡೂ ಗೋಡೆ ಚೆನ್ನಾಗಿ ಒಣಗಿದ ಮೇಲೆ ಆ ಸಂದಿಯೊಳಗೆ ಶಾಖ ತಡೆಯುವ ವಸ್ತು ತುಂಬಬೇಕು. ಪಟ್ಟಣದ ಅಂಗಡಿಯವರು ಥರ್ಮೋಕೋಲ್ ಕೊಡುತ್ತಾರೆ, ಅದೂ ಆಗುತ್ತದೆ. ಆದರೆ ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಿರುವ ಜಿಲ್ಲೆಯಲ್ಲಿ ಭತ್ತದ ಹೊಟ್ಟನ್ನು ಮರೆಯುವುದು ತಪ್ಪು. ಶಾಖ ತಡೆಯುವುದು ವಸ್ತುವಿಗಿಂತ ಹೆಚ್ಚಾಗಿ ಅದರೊಳಗೆ ಅಲುಗಾಡದೆ ನಿಂತ ಗಾಳಿ. ದೋಣಿಯಂತೆ ಬಾಗಿದ ಹೊಟ್ಟಿನ ಒಂದೊಂದು ಕಾಳೂ ಅಂಥ ಗಾಳಿಯನ್ನು ಹಿಡಿದಿಡುತ್ತದೆ. ಅದರಲ್ಲಿ ಸಿಲಿಕಾ ಹೇರಳವಾಗಿರುವುದರಿಂದ ಹುಲ್ಲು, ರವದಿಯಷ್ಟು ಬೇಗ ಕೊಳೆಯುವುದಿಲ್ಲ. ಎರಡು ದಿನ ಬಿಸಿಲಿಗೆ ಹರವಿ, ಹುಳ ಹತ್ತದಂತೆ ಸ್ವಲ್ಪ ಸುಣ್ಣದ ಪುಡಿ ಬೆರೆಸಿ, ಕೋಲಿನಿಂದ ಮೆಲ್ಲಗೆ ಒತ್ತುತ್ತ ತುಂಬಿಸಿ. ಹೆಚ್ಚು ಜಡಿದರೆ ಗಾಳಿಯೇ ಉಳಿಯುವುದಿಲ್ಲ, ಸಡಿಲ ಬಿಟ್ಟರೆ ವರ್ಷದೊಳಗೆ ಕುಸಿದು ಮೇಲೆ ಟೊಳ್ಳಾಗುತ್ತದೆ. ಎರಡೂ ಗೋಡೆಗಳ ತಲೆಯನ್ನು ಕಲ್ಲಿನ ಪಟ್ಟಿಯಿಂದ ಮುಚ್ಚಿ, ಹೊರಮೈಗೆ ಗಿಲಾವು ಮಾಡಿಸಿ, ಬುಡದ ಮೂಲೆಯನ್ನು ನೀರು ನಿಲ್ಲದಂತೆ ಇಳಿಜಾರಾಗಿ ತಿದ್ದಿಸಿ. ಕಿಂಡಿಯ ಕೆಳಗೇ ಕಟ್ಟಿಗೆ ಒಲೆ ಉರಿಯುವ ಮನೆಗೆ ಮಾತ್ರ ಹೊಟ್ಟೂ ಬೇಡ, ಥರ್ಮೋಕೋಲೂ ಬೇಡ, ಎರಡೂ ಬೆಂಕಿ ಹಿಡಿಯುವಂಥವು. ಅಲ್ಲಿ ಒಣಮಣ್ಣಿನಲ್ಲಿ ಇಟ್ಟಿಗೆ ಚೂರು ಬೆರೆಸಿ ತುಂಬಿದರೆ ಸಾಕು.

ಮಣ್ಣಿನ ಮಾಳಿಗೆಗೆ ಈ ಕ್ರಮ ಹೊಂದದು. ಅಲ್ಲಿ ದಪ್ಪ ಮೊದಲೇ ಇದೆ, ಕೆಡುವುದು ಬಾಯಿಯ ಸುತ್ತಲಿನ ಮಣ್ಣು. ಸಿಮೆಂಟು ಬಳಿದುಬಿಟ್ಟರೆ ಗಟ್ಟಿ ಎಂಬ ನಂಬಿಕೆ ಊರೂರಲ್ಲಿದೆ, ಅದೇ ದೊಡ್ಡ ಹಾನಿ. ಮಣ್ಣು ತೊಯ್ದಾಗ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ, ಸಿಮೆಂಟು ಅದರ ಜೊತೆ ಅಲುಗದೆ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಆವಿಯಾಗಿ ಹೋಗಲು ದಾರಿಯಿಲ್ಲದೆ ಜಂತಿಯ ತುದಿ ಒಳಗೇ ಲಡ್ಡಾಗುತ್ತದೆ. ಇಲ್ಲಿ ಸವಳು ಮಣ್ಣೇ ಮದ್ದು. ಅದರಲ್ಲಿ ಸೋಡಿಯಂ ಹೆಚ್ಚಿರುವುದರಿಂದ ನೀರು ತಾಗಿದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಹೊಲವನ್ನು ಕೆಡಿಸುವ ಗುಣವೇ ಮಾಳಿಗೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಕಿಂಡಿಗೆ ಬೇವಿನ ಕಟ್ಟಿಗೆಯ ಚೌಕಟ್ಟು ಮಾಡಿಸಿ ಅದರ ಭಾರ ಜಂತಿಗಳ ಮೇಲೆ ಕೂರುವಂತೆ ನೋಡಿಕೊಳ್ಳಿ, ಮಣ್ಣಿನ ಮೇಲೆ ಬೇಡ. ಸುತ್ತ ನಾಲ್ಕೂ ಕಡೆ ಹೊರಕ್ಕೆ ಇಳಿಜಾರಾಗುವಂತೆ ಸವಳು ಮಣ್ಣು ಬಡಿದು, ವರ್ಷಕ್ಕೊಮ್ಮೆ ಹೊಸ ಮಣ್ಣು ಹಾಕಿ.

ವರ್ಷಕ್ಕೆ 600 ಮಿ.ಮೀ. ಮಳೆಯೂ ಸರಿಯಾಗಿ ಕಾಣದ ಸೀಮೆಯಲ್ಲಿ ಇಷ್ಟೊಂದು ಎಚ್ಚರಿಕೆ ಯಾಕೆ ಎನ್ನಬಹುದು. ಒಟ್ಟು ಮಳೆ ಕಡಿಮೆ ನಿಜ, ಬಂದರೆ ಒಮ್ಮೆಲೇ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ ಉರುಳಿದ ಮಣ್ಣಿನ ಮನೆಗಳನ್ನು ನೆನೆದರೆ ಸಾಕು. ಇನ್ಸುಲೇಶನ್ ಎಂಬುದು ಚಳಿದೇಶದವರ ಮಾತು ಎನ್ನುವವರೂ ಇದ್ದಾರೆ. 1941ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ವೆಲಕ್ಸ್ ಕಂಪನಿ ಛಾವಣಿ ಕಿಟಕಿಗಳಿಗೇ ಹೆಸರಾಯಿತು, ಅಂಥ ಕಿಟಕಿಗಳ ಚೌಕಟ್ಟಿಗೆ ಶಾಖ ತಡೆಯುವ ಪಟ್ಟಿ ಸುತ್ತುವ ರೂಢಿ ಅಲ್ಲಿದೆ. ಅವರು ಒಳಗಿನ ಕಾವು ಹೊರಗೆ ಹೋಗದಂತೆ ಸುತ್ತುತ್ತಾರೆ, ನಾವು ಹೊರಗಿನದು ಒಳಗೆ ಬಾರದಂತೆ ಸುತ್ತಬೇಕು. ಹೊಟ್ಟಿಗೆ ದಿಕ್ಕಿನ ಭೇದವಿಲ್ಲ.

ಇನ್ನು ಮುಚ್ಚಳ. ಕಬ್ಬಿಣವು ಕಟ್ಟಿಗೆಗಿಂತ ನೂರಾರು ಪಟ್ಟು ವೇಗವಾಗಿ ಕಾವನ್ನು ಸಾಗಿಸುತ್ತದೆ. ಆದ್ದರಿಂದ ಗಾಜು ಕೂರುವ ಚೌಕಟ್ಟು ಕಟ್ಟಿಗೆಯದಾಗಲಿ, ಕಬ್ಬಿಣದ್ದೇ ಆದರೆ ಅದಕ್ಕೂ ಕಟ್ಟೆಗೂ ನಡುವೆ ದಪ್ಪ ರಬ್ಬರ್ ಪಟ್ಟಿ ಇರಲಿ. ಪಾಲಿಕಾರ್ಬೊನೇಟ್ ಹಾಳೆ ಬಿಸಿಲಿಗೆ ಕಾಂಕ್ರೀಟಿಗಿಂತ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಮೂರಡಿ ಹಾಳೆ ರಾತ್ರಿಗೂ ಮಧ್ಯಾಹ್ನಕ್ಕೂ 2 ಮಿ.ಮೀ.ಗೂ ಹೆಚ್ಚು ಬೆಳೆದು ಕುಗ್ಗಬಲ್ಲದು. ಅದರ ಅಂಚನ್ನು ಸಿಮೆಂಟಿನಲ್ಲಿ ಹೂತರೆ ಬಿರುಕು ಖಾತ್ರಿ. ಮೊಳೆಯ ತೂತನ್ನು ಮೊಳೆಗಿಂತ ದೊಡ್ಡದಾಗಿ ಕೊರೆದು, ರಬ್ಬರ್ ವಾಷರ್ ಹಾಕಿ, ಸುತ್ತ 3 ಮಿ.ಮೀ. ಸಡಿಲ ಬಿಟ್ಟು ಸಿಲಿಕೋನ್ ತುಂಬಿಸಿ. ಹಾಳೆ ಒಂದು ಕಡೆಗೆ ವಾಲಿರಲಿ, ಕಟ್ಟೆಯಿಂದ ಎರಡಿಂಚು ಹೊರಚಾಚಿರಲಿ. ಗಾಜಾದರೆ ಕೆಳಗೆ ಗಟ್ಟಿ ಜಾಲರಿ ಬೇಕೇ ಬೇಕು. ಆಲಿಕಲ್ಲು ಬೀಳುತ್ತದೆ, ಮಂಗಗಳೂ ಜಿಗಿಯುತ್ತವೆ.

ಎಲ್ಇಡಿ ಬಲ್ಬು ಇರುವಾಗ ಈ ರಗಳೆಯೇ ಬೇಡ, ಕಿಂಡಿ ಮುಚ್ಚಿಬಿಡಿ ಎಂಬ ಸಲಹೆಯೂ ಉಂಟು. ಬಲ್ಬು ಬೆಳಕು ಕೊಟ್ಟೀತು, ಮೇಲೇರಿ ಛಾವಣಿಯಡಿ ಕೂಡಿಬೀಳುವ ಬಿಸಿಗಾಳಿಯನ್ನು ಹೊರಗೆ ಕಳಿಸದು. ಅದಕ್ಕಾಗಿ ಕಟ್ಟೆಯ ಪೂರ್ವದ ಬದಿಯಲ್ಲಿ, ಹೊರಚಾಚಿದ ಹಾಳೆಯ ಮರೆಯಲ್ಲೇ, ಎರಡಿಂಚಿನ ಸಂದು ಬಿಟ್ಟು ಸೊಳ್ಳೆ ಜಾಲರಿ ಹೊಡೆಯಿಸಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ಆ ಬದಿಗೆ ಇರಚಲು ಕಡಿಮೆ. ಕಿಂಡಿಯ ಒಳಗೋಡೆಗೂ, ಹೊರಗೆ ಸುತ್ತಲಿನ ಮೂರಡಿ ಮಾಳಿಗೆಗೂ ಪ್ರತಿ ಬೇಸಿಗೆಯ ಮೊದಲು ಸುಣ್ಣ ಬಳಿಸಿ. ಒಳಗಿನ ಬಿಳುಪು ಬೆಳಕನ್ನು ಕೆಳಗೆ ಚೆಲ್ಲುತ್ತದೆ, ಹೊರಗಿನದು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಕಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಕೊಂಡಿ ಹಾಕಿಸಿಟ್ಟರೆ ಶಿವರಾತ್ರಿಯಿಂದ ಮೃಗಶಿರಾ ಮಳೆಯ ತನಕ ಮಧ್ಯಾಹ್ನದ ಹೊತ್ತು ಗೋಣಿತಾಟು ಬಿಗಿಯಲು, ಸಂಜೆ ಬಿಚ್ಚಲು ಅನುಕೂಲ. ತಾಟು ಹಾಳೆಗೆ ತಾಗದೆ ನಾಲ್ಕು ಬೆರಳು ಮೇಲಿರುವಂತೆ ಕಟ್ಟಬೇಕು, ತಾಗಿದರೆ ತಾಟಿನ ಕಾವೇ ಹಾಳೆಗೆ ಇಳಿಯುತ್ತದೆ.