ಬೂಚುತಿರುಪಿನ ಚರಿತ್ರೆ

ಮಲ್ಲಿಪಟ್ಟಣ, ಅರಕಲಗೂಡು ಸೀಮೆಯ ಹಳ್ಳಿಗರು ಆಸ್ಪತ್ರೆಗೆ ಹೊರಟಾಗ ಖಾಲಿ ಶೀಸೆಯೊಂದನ್ನು ಕೈಯಲ್ಲಿ ಹಿಡಿದು ಹೋಗುವ ವಾಡಿಕೆಯಿದ್ದಿತು. ಔಷಧವನ್ನು ತುಂಬಿ ಬೂಚು ಬಿಗಿದು ಕೊಡುತ್ತಿದ್ದರು. ಆ ಬೂಚನ್ನು ಚಾಕುವಿನಿಂದ ಕೀಳಹೋದರೆ ಅದು ಮುರಿದು ಚೂರುಚೂರಾಗಿ ಔಷಧದೊಳಕ್ಕೆ ಬೀಳುವುದು. ರೋಗಿಯು ಮಲಗಿರುವ ಮನೆಯಲ್ಲಿ ಇದು ಸಣ್ಣ ತೊಂದರೆಯಲ್ಲ. ಆದುದರಿಂದ ಬೂಚುತಿರುಪು ಮದ್ಯಪಾನಿಗಳ ಉಪಕರಣವೆಂದು ನಾವು ಅದನ್ನು ತಳ್ಳಿಬಿಡಲಾಗದು.

ಬೂಚೆಂಬುದು ಪೋರ್ಚುಗಲ್, ಸ್ಪೇನ್ ಮುಂತಾದ ದೇಶಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ. ಅದುಮಿದರೆ ಕುಗ್ಗುವುದು, ಬಿಟ್ಟರೆ ಹಿಗ್ಗುವುದು. ಶೀಸೆಯ ಕೊರಳನ್ನು ಅದು ಬಿಗಿಯಾಗಿ ಮುಚ್ಚುವುದೂ ಹೊರಬರಲೊಲ್ಲದೆ ಹಟಹಿಡಿಯುವುದೂ ಈ ಒಂದೇ ಗುಣದಿಂದ. ಕೋವಿಯ ನಳಿಗೆಯಲ್ಲಿ ಸಿಕ್ಕಿಕೊಂಡ ಗುಂಡನ್ನು ತೆಗೆಯಲು ಸಿಪಾಯಿಗಳು ಬಳಸುತ್ತಿದ್ದ ಕಬ್ಬಿಣದ ಸುರುಳಿಯೇ ಬೂಚುತಿರುಪಿಗೆ ಮೂಲವೆಂದು ತಿಳಿದವರು ಊಹಿಸುತ್ತಾರೆ. 1681ರಲ್ಲಿ ನೆಹೆಮಿಯಾ ಗ್ರೂ ಎಂಬ ಇಂಗ್ಲಿಷ್ ಪಂಡಿತರು ಇದನ್ನು ಉಕ್ಕಿನ ಹುಳುವೆಂದು ಕರೆದರು. ಸುರುಳಿಗೆ ಆ ದೇಶದಲ್ಲಿ ಹುಳುವೆಂಬ ಹೆಸರೇ ನಿಂತಿತು.

ಇದಕ್ಕೆ ಮೊದಲ ಪೇಟೆಂಟ್ ಹಕ್ಕನ್ನು 1795ರಲ್ಲಿ ಪಡೆದವರು ಸ್ಯಾಮ್ಯುಯೆಲ್ ಹೆನ್‌ಶಾಲ್ ಎಂಬ ಪಾದ್ರಿಗಳು. ಪಾದ್ರಿಗಳಿಗೇಕೆ ಈ ಕೆಲಸವೆಂದು ನಗುವವರು ನಗಲಿ. ಅವರು ಮಾಡಿದ ಉಪಾಯವು ಸೊಗಸಾದುದು. ಸುರುಳಿಯ ಮೇಲ್ತುದಿಯಲ್ಲಿ ಲೋಹದ ದುಂಡನೆಯ ಬಿಲ್ಲೆಯೊಂದನ್ನು ಕೂಡಿಸಿದರು, ಅಷ್ಟೆ. ತಿರುಗಿಸುತ್ತ ಹೋದಂತೆ ಬಿಲ್ಲೆಯು ಬೂಚಿನ ತಲೆಗೆ ತಾಕುವುದು. ಅಲ್ಲಿಂದ ಮುಂದೆ ಸುರುಳಿಯು ಒಳಗಿಳಿಯಲಾರದು; ಬೂಚೇ ತಿರುಗುವುದು. ಹೀಗೆ ತಿರುಗಿದ ಬೂಚು ಗಾಜಿನ ಹಿಡಿತದಿಂದ ಬಿಡಿಸಿಕೊಂಡು, ಎಳೆದೊಡನೆ ಬರುವುದು.

ಆದರೆ ಉಪಾಯವಿದ್ದ ಮಾತ್ರಕ್ಕೆ ವಸ್ತುವು ಪೇಟೆಗೆ ಬರುವುದಿಲ್ಲ. ಹೆನ್‌ಶಾಲರು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಕಾರ್ಖಾನೆಯ ಮ್ಯಾಥ್ಯೂ ಬೋಲ್ಟನ್ನರನ್ನು ಆಶ್ರಯಿಸಬೇಕಾಯಿತು. ಈ ಬೋಲ್ಟನ್ನರು ಉಗಿಯಂತ್ರದ ಜೇಮ್ಸ್ ವಾಟರ ಪಾಲುದಾರರು. ಮದ್ರಾಸು ಪ್ರಾಂತಕ್ಕಾಗಿ 1803 ಹಾಗೂ 1808ರ ಇಸವಿಗಳನ್ನೊತ್ತಿದ ಕಂಪೆನಿಯ ತಾಮ್ರದ ಕಾಸುಗಳು ಅಚ್ಚಾದುದೂ ಇವರ ಸೋಹೋದಲ್ಲಿಯೇ.

1802ರಲ್ಲಿ ಅದೇ ಬರ್ಮಿಂಗ್‌ಹ್ಯಾಮಿನ ಎಡ್ವರ್ಡ್ ಥಾಮಸನ್ನರು ಇನ್ನೂ ಮುಂದೆ ಹೋದರು. ಅವರ ತಿರುಪನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದರೆ ಸಾಕು, ಬೂಚು ತಾನಾಗಿ ಮೇಲೇರುವುದು; ಎಳೆಯುವ ಶ್ರಮವಿಲ್ಲ. ಹಿಮ್ಮುಖವಾಗಿ ತಿರುಗಿಸಿದರೆ ಸುರುಳಿಯು ಬೂಚನ್ನು ಬಿಟ್ಟುಕೊಡುವುದು. ಇದು ಬಲು ಬೇಗ ಜನಪ್ರಿಯವಾಯಿತು. ಆದರೂ ಉಳ್ಳವರಿಗೆ ಮಾತ್ರವೇ ಇದು ಎಟುಕುವಂತಿತ್ತು. ಬಡವರ ಮನೆಯವರೆಗೆ ತಿರುಪನ್ನು ಮುಟ್ಟಿಸಿದ ಕೀರ್ತಿಯು, ನಮ್ಮ ಅಭಿಪ್ರಾಯದಲ್ಲಿ, ಅಮೆರಿಕದ ವಿಲಿಯಂ ಕ್ಲಫರಿಗೆ ಸಲ್ಲತಕ್ಕದ್ದು. 1870ರ ದಶಕದಲ್ಲಿ ಅವರು ಒಂದೇ ತಂತಿಯನ್ನು ಬಾಗಿಸಿ ಹಿಡಿಯನ್ನೂ ಸುರುಳಿಯನ್ನೂ ಮಾಡಿದರು. ಇದು ಎಷ್ಟು ಅಗ್ಗವೆಂದರೆ, ಔಷಧದ ವ್ಯಾಪಾರಿಗಳು ಶೀಸೆಯೊಡನೆ ಇದನ್ನು ಬಿಟ್ಟಿಯಾಗಿ ಕೊಡತೊಡಗಿದರು. ತಿರುಪೇ ಜಾಹೀರಾತಾಯಿತು.

1892ರಲ್ಲಿ ವಿಲಿಯಂ ಪೇಂಟರರು ತಗಡಿನ ಮುಚ್ಚಳಕ್ಕೆ ಪೇಟೆಂಟ್ ಪಡೆದರು. ಸೋಡಾ ಮೊದಲಾದ ಪಾನೀಯಗಳಿಂದ ಬೂಚು ದೂರವಾಯಿತು. ಔಷಧದ ಶೀಸೆಗಳಿಗಾದರೋ ಕೊರಳಿನಲ್ಲಿಯೇ ತಿರುಪಿನ ಗೆರೆ ಬಂದಿತು.

ಈಗ ಹಳೆಯ ಬೂಚುತಿರುಪುಗಳನ್ನು ಹುಡುಕಿ ಕೂಡಿಡುವವರು ಹಲವು ದೇಶಗಳಲ್ಲಿದ್ದಾರೆ. ಅವರು ಬಿಲ್ಲೆಯ ಮೇಲೆ ತಯಾರಕರ ಮುದ್ರೆಯಿದೆಯೇ, ಸುರುಳಿಯ ಮೊನೆ ಮುರಿಯದೆ ಉಳಿದಿದೆಯೇ ಎಂದು ಮೊದಲು ನೋಡುತ್ತಾರೆ. ಕೆಲವು ತಿರುಪುಗಳ ಹಿಡಿಯ ತುದಿಯಲ್ಲಿ ಪುಟ್ಟದೊಂದು ಕೂದಲಿನ ಕುಂಚವಿರುವುದುಂಟು. ಅದು ಬೂಚನ್ನು ಕೀಳುವ ಮುನ್ನ ಶೀಸೆಯ ಬಾಯಿಯ ಮೇಲಿನ ಧೂಳನ್ನು ಗುಡಿಸುವುದಕ್ಕೆ.