ಯಾವ ಬೋರ್ಡ್ ತರಲಿ ಸರ್? – ಮೂರು ಶಾಲೆಗಳಲ್ಲಿ ಒಂದೇ ಪಾಠ

ಈ ಸಲದ ಅಭ್ಯಾಸ ಬೋಧನೆಗೆ ನಮ್ಮ ಭೌತವಿಜ್ಞಾನ ವಿಭಾಗದ ಪ್ರಶಿಕ್ಷಣಾರ್ಥಿಗಳನ್ನು ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಮೂರು ಪ್ರೌಢಶಾಲೆಗಳಿಗೆ ಹಂಚಲಾಗಿತ್ತು. ಮೂರೂ ಕಡೆ ಮಾದರಿ ಪಾಠ ಮಾಡುವ ಹೊಣೆ ನನ್ನದು. ಬಿಡುವಿನಲ್ಲಿ ಮನೆಯಲ್ಲಿ ಮೈಕ್ರೊಕಂಟ್ರೋಲರ್ ಬೋರ್ಡ್‌ಗಳೊಂದಿಗೆ ಆಡುವ ಹವ್ಯಾಸ ನನಗಿರುವುದರಿಂದ ಅದನ್ನೇ ವಿಷಯವಾಗಿ ಆರಿಸಿಕೊಂಡೆ. 'ಯಾವ ಬೋರ್ಡ್ ತರಲಿ ಸರ್?' ಎಂದು ವರ್ಷಕ್ಕೆ ಹತ್ತು ಮಂದಿಯಾದರೂ ನನ್ನನ್ನು ಕೇಳುತ್ತಾರೆ. ಉತ್ತರ ಗೊತ್ತಿದೆ ಎಂದುಕೊಂಡಿದ್ದೆ.

ಮೈಕ್ರೊಕಂಟ್ರೋಲರ್ ಎಂದರೆ ಪ್ರೊಸೆಸರ್, ಮೆಮೊರಿ ಹಾಗೂ ಹೊರಗಿನ ತಂತಿಗಳನ್ನು ಜೋಡಿಸುವ ಪಿನ್‌ಗಳು ಒಂದೇ ಚಿಪ್‌ನಲ್ಲಿರುವ ಪುಟ್ಟ ಗಣಕ. ಹವ್ಯಾಸಿಗಳ ಕೈಗೆ ಅದು ಸುಲಭವಾಗಿ ಬಂದದ್ದು 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಆರ್ಡುಯಿನೊ ಹುಟ್ಟಿದ ಮೇಲೆ. ಎಂಜಿನಿಯರ್‌ಗಳಲ್ಲದ ವಿನ್ಯಾಸ ವಿದ್ಯಾರ್ಥಿಗಳಿಗಾಗಿಯೇ ಅದನ್ನು ರೂಪಿಸಿದ್ದರು. ಬ್ರಿಟನ್ನಿನ ಶಾಲಾ ಮಕ್ಕಳಿಗೆಂದು ಬಿಬಿಸಿ ಮೈಕ್ರೊಬಿಟ್ 2016ರಲ್ಲಿ ಬಂತು. ಅದೇ ವರ್ಷ ವೈಫೈ ಇರುವ ಇಎಸ್‌ಪಿ32 ಚಿಪ್, 2021ರಲ್ಲಿ ರಾಸ್‌ಬೆರಿ ಪೈ ಪಿಕೊ.

ಆಳಂದದ ಶಾಲೆಯಲ್ಲಿ 9ನೇ ತರಗತಿ. ಪಾಠಯೋಜನೆ ನೋಡಲು ಚೆನ್ನಾಗಿಯೇ ಇತ್ತು. 'ವಿದ್ಯಾರ್ಥಿಯು ನಾಲ್ಕು ಬೋರ್ಡ್‌ಗಳನ್ನು ಹೋಲಿಸಿ ಸೂಕ್ತವಾದುದನ್ನು ಆರಿಸುವನು' ಎಂಬುದು ಕಲಿಕಾ ಫಲ. ಕಪ್ಪುಹಲಗೆಯ ಮೇಲೆ ಕೋಷ್ಟಕ ಬರೆದೆ: ಆರ್ಡುಯಿನೊ ಊನೊ 16 ಮೆಗಾಹರ್ಟ್ಸ್, 2 ಕಿಲೋಬೈಟ್ ರ‍್ಯಾಮ್, ಮೈಕ್ರೊಬಿಟ್‌ನ ಎರಡನೇ ಆವೃತ್ತಿ 64 ಮೆಗಾಹರ್ಟ್ಸ್, 128 ಕಿಲೋಬೈಟ್, ಪಿಕೊ 133 ಮತ್ತು 264, ಇಎಸ್‌ಪಿ32 240 ಮತ್ತು 520. 'ಯಾವುದು ಆರಿಸ್ತೀರಿ?' ಎಂದು ಕೇಳಿದೆ. ಇಡೀ ತರಗತಿ ಇಎಸ್‌ಪಿ32 ಎಂದು ಕೂಗಿತು. ಯಾಕೆ ಎಂದರೆ, 'ಅದರ ನಂಬರ್ ಎಲ್ಲಕ್ಕಿಂತ ದೊಡ್ಡದು ಅದರಿ ಸರ್.' ನನ್ನ ಕೋಷ್ಟಕವನ್ನು ಮಕ್ಕಳು ಅಂಕಪಟ್ಟಿ ಓದಿದಂತೆ ಓದಿದ್ದರು. ಓದಲು ಹಾಗೆ ಕಲಿಸಿದವನು ನಾನೇ. ಆ ದಿನದ ವೀಕ್ಷಣಾ ವಹಿಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಬರೆದ ಸಾಲು ಇದು: 'ಸೂಕ್ತ ಎಂದರೆ ಯಾವ ಕೆಲಸಕ್ಕೆ ಸೂಕ್ತ ಎಂಬುದು ಪಾಠದಲ್ಲಿ ಎಲ್ಲಿಯೂ ಬರಲಿಲ್ಲ.' ಗುರುಗಳ ಪಾಠಕ್ಕೆ ಹೀಗೆ ಬರೆಯಲು ಧೈರ್ಯ ಬೇಕು. ವಹಿಗೆ ಸಹಿ ಹಾಕುವಾಗ ನನಗೆ ಸ್ವಲ್ಪ ಮುಜುಗರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಅಫಜಲಪುರಕ್ಕೆ ಹೋಗುವಾಗ ಕೋಷ್ಟಕ ಒಯ್ಯಲಿಲ್ಲ. ಆ ಶಾಲೆಯ ಮಾಳಿಗೆಯ ನೀರಿನ ಟ್ಯಾಂಕ್ ತುಂಬಿ ಹರಿಯುತ್ತದೆಂದು ಬಿಸಿಯೂಟದ ಅಕ್ಕ ದಿನವೂ ಗೊಣಗುತ್ತಿದ್ದರು. ಅದರಿಂದಲೇ ಪಾಠ ಆರಂಭಿಸಿದೆ. ನಮಗೇನು ತಿಳಿಯಬೇಕು, ಯಾರಿಗೆ ತಿಳಿಯಬೇಕು, ಎಷ್ಟು ಸಲ ತಿಳಿಯಬೇಕು ಎಂದು ಕೇಳುತ್ತ ಹೋದೆ. ಐದೇ ನಿಮಿಷದಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಇದಕ್ಕ ಬೋರ್ಡ್ ಯಾಕ ಬೇಕ್ರಿ ಸರ್? ತೇಲೋ ಸ್ವಿಚ್ ಒಂದು, ಬಜರ್ ಒಂದು ಇದ್ರ ಸಾಕಲ್ಲೇನ್ರಿ?' ಎಂದಳು.

ಸಾಕು. ನೂರಕ್ಕೆ ನೂರು ಸರಿ. ಆದರೆ ನನ್ನ ಪಾಠಯೋಜನೆಯಲ್ಲಿ ಇನ್ನೂ ಅರ್ಧ ಗಂಟೆ ಬಾಕಿ ಇತ್ತು! ಹಲಗೆಯ ಮೇಲೆ ಮೊದಲ ಉತ್ತರವೆಂದು 'ಬೋರ್ಡ್ ಬೇಡ' ಎಂದು ದೊಡ್ಡದಾಗಿ ಬರೆದೆ. ಹವ್ಯಾಸಿಗಳಾದ ನಾವು ಈ ಉತ್ತರವನ್ನು ಬೇಗ ಮರೆಯುತ್ತೇವೆ.

ಆಮೇಲೆ ಇನ್ನೊಬ್ಬ ಹುಡುಗ ಕೆಲಸವನ್ನೇ ಬದಲಿಸಿದ. ವಾರದಲ್ಲಿ ಎಷ್ಟು ಸಲ ತುಂಬಿ ಹರಿಯಿತು ಎಂದು ಹೆಡ್‌ಮಾಸ್ತರರಿಗೆ ಲೆಕ್ಕ ತೋರಿಸಬೇಕಂತೆ. ಬಜರ್‌ಗೆ ಎಣಿಕೆ ಬರುವುದಿಲ್ಲ, ಈಗ ಪ್ರೋಗ್ರಾಂ ಬೇಕು. ಅಲ್ಲಿ ಕರೆಂಟ್ ಆಗಾಗ ಹೋಗುವುದರಿಂದ, ಹೋದಾಗಲೂ ಎಣಿಕೆ ಉಳಿಯಬೇಕು. ಊನೊದ ಚಿಪ್‌ನಲ್ಲಿ ವಿದ್ಯುತ್ ಹೋದರೂ ಅಳಿಯದ 1 ಕಿಲೋಬೈಟ್ ಇಇಪ್ರಾಂ ಇದೆ. ಒಂದು ಸಂಖ್ಯೆ ಬರೆದಿಡಲು ಅದು ಧಾರಾಳ. ವಾರಕ್ಕೆ ಹತ್ತು ಸಲ ಎಣಿಸುವುದಕ್ಕೆ 240 ಮೆಗಾಹರ್ಟ್ಸ್ ಏನು ಮಾಡೀತು? ಮಕ್ಕಳೇ ನಕ್ಕರು.

ಯಾವ ಕೋಷ್ಟಕದಲ್ಲೂ ಕಾಣದ ಒಂದು ಅಂಶ ಅಲ್ಲಿಯೇ ಎದುರಾಯಿತು. ನಾನು ಒಯ್ದದ್ದು ಊನೊದ ಅಗ್ಗದ ನಕಲು. ಆರ್ಡುಯಿನೊದ ವಿನ್ಯಾಸ ಮುಕ್ತವಾದ್ದರಿಂದ ಅಂಥ ನಕಲು ತಯಾರಿಸುವುದು ತಪ್ಪೇನಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಬಳಸುವ ಯುಎಸ್‌ಬಿ ಚಿಪ್‌ಗೆ ಕೆಲವು ಕಂಪ್ಯೂಟರ್‌ಗಳಲ್ಲಿ ಬೇರೆ ಡ್ರೈವರ್ ಹಾಕಬೇಕಾಗುತ್ತದೆ. ಶಾಲೆಯ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಕೊನೆಗೆ ನನ್ನ ಲ್ಯಾಪ್‌ಟಾಪ್ ಬಳಸಿದೆ. ಮೈಕ್ರೊಬಿಟ್ ಆಗಿದ್ದರೆ ಪೆನ್‌ಡ್ರೈವ್‌ನಂತೆ ಕಾಣಿಸುತ್ತದೆ, ಫೈಲ್ ನಕಲು ಮಾಡಿದರೆ ಮುಗಿಯಿತು. ಪಿಕೊ ಕೂಡ ಹಾಗೆಯೇ, ಆದರೆ ಅದರ ಮೂಲ ಮಾದರಿಗೆ ಪಿನ್‌ಗಳನ್ನು ನಾವೇ ಬೆಸೆಯಬೇಕು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಲ್ಲಿ ಪಾಠ ಮಾಡುವವರು ಮೊದಲು ಅಲ್ಲಿನ ಕಪಾಟು ತೆಗೆದು ನೋಡಲಿ; ಏನಿದೆಯೋ ಅದೇ ಎಷ್ಟೋ ಸಲ ಸರಿಯಾದ ಆಯ್ಕೆ.

ಜೇವರ್ಗಿಯದು ಬರೆಯಲು ಕಷ್ಟ. ಅಲ್ಲಿನ ಪ್ರಶಿಕ್ಷಣಾರ್ಥಿಯೊಬ್ಬರು ಸ್ವಂತ ದುಡ್ಡಿನಲ್ಲಿ ಇಎಸ್‌ಪಿ32 ತರಿಸಿದ್ದರು. ಕಾಲೇಜಿನಲ್ಲಿ ಊನೊದ ಮೇಲೆ ಅಭ್ಯಾಸ ಮಾಡಿದ್ದವರು. ಊನೊದ 'ವಿನ್' ಪಿನ್‌ಗೆ 9 ವೋಲ್ಟ್ ಬ್ಯಾಟರಿ ಕೊಡಬಹುದು. ಅದೇ ನೆನಪಿನಲ್ಲಿ ಹೊಸ ಬೋರ್ಡಿನ 3.3 ವೋಲ್ಟ್ ಪಿನ್‌ಗೆ 9 ವೋಲ್ಟ್ ಕೊಟ್ಟರು. ಬೋರ್ಡ್ ಅಲ್ಲಿಗೇ ಮುಗಿಯಿತು, ಮಕ್ಕಳೆದುರೇ. 'ಒಂದು ಕಲಿತರೆ ಎಲ್ಲವೂ ಒಂದೇ' ಎಂದು ತರಗತಿಯಲ್ಲಿ ಹೇಳಿದ್ದವನು ನಾನು. ಪ್ರೋಗ್ರಾಂ ಮಟ್ಟಿಗೆ ಆ ಮಾತು ಬಹುಪಾಲು ನಿಜ, ಆರ್ಡುಯಿನೊ ತಂತ್ರಾಂಶದಲ್ಲೇ ಈ ಎಲ್ಲ ಬೋರ್ಡ್‌ಗಳಿಗೂ ಬರೆಯಬಹುದು. ವೋಲ್ಟೇಜ್ ಮಟ್ಟಿಗೆ ಅಪಾಯಕಾರಿ ಸುಳ್ಳು. ಊನೊ 5 ವೋಲ್ಟಿನದು. ಇಎಸ್‌ಪಿ32, ಪಿಕೊ 3.3 ವೋಲ್ಟಿನವು. ಬೋರ್ಡ್ ನಾನೇ ಕೊಡಿಸಿದೆ. ಅವರು ಬೇಡವೆಂದರು, ನಾನು ಕೇಳಲಿಲ್ಲ.

ಮರುವಾರ ಅದೇ ಸುಟ್ಟ ಬೋರ್ಡ್ 10ನೇ ತರಗತಿಗೆ ಪಾಠೋಪಕರಣವಾಯಿತು. 5 ವೋಲ್ಟ್ ಹೊರಬಿಡುವ ಸೆನ್ಸರನ್ನು 3.3 ವೋಲ್ಟ್ ಪಿನ್‌ಗೆ ಜೋಡಿಸುವುದು ಹೇಗೆ? 1 ಮತ್ತು 2 ಕಿಲೋ ಓಮ್ ರೋಧಕಗಳನ್ನು ಸರಣಿಯಲ್ಲಿಟ್ಟು, ಎರಡನೆಯದರ ಎರಡು ತುದಿಗಳ ನಡುವಿನ ವಿಭವಾಂತರ ತೆಗೆದುಕೊಂಡರೆ ಐದರ ಮೂರನೇ ಎರಡು ಭಾಗ, ಅಂದರೆ ಸುಮಾರು 3.3. ಓಮನ ನಿಯಮ ಮಕ್ಕಳಿಗೆ ಅಂದು ಬೇಕಾಗಿ ಬಂದದ್ದು ಪರೀಕ್ಷೆಗಲ್ಲ.

ಅಲ್ಲಿನ ಮಕ್ಕಳು ಆರಿಸಿದ ಕೆಲಸ, ತೊಗರಿ ಹೊಲದ ಮೂರು ಕಡೆ ಮಣ್ಣಿನ ತೇವ ತಿಳಿಯುವುದು. ಹೊಲದಲ್ಲಿ ಪ್ಲಗ್ ಇಲ್ಲ. ಊನೊ ಸುಮ್ಮನಿದ್ದರೂ ಸುಮಾರು 50 ಮಿಲಿಆಂಪಿಯರ್ ಎಳೆಯುತ್ತದೆ. 2000 ಮಿಲಿಆಂಪಿಯರ್-ಗಂಟೆಯ ಆರು ಪೆನ್ ಸೆಲ್ ಸರಣಿಯಲ್ಲಿಟ್ಟರೆ 40 ಗಂಟೆ, ಎರಡು ದಿನವೂ ಇಲ್ಲ. ಅಗ್ಗದ ಇಎಸ್‌ಪಿ8266ಕ್ಕೆ ಅನಲಾಗ್ ಪಿನ್ ಒಂದೇ, ಮೂರು ಸೆನ್ಸರ್‌ಗೆ ಸಾಲದು. ಇಎಸ್‌ಪಿ32ಕ್ಕೆ ಅನಲಾಗ್ ಪಿನ್‌ಗಳು ಸಾಕಷ್ಟಿವೆ. ಗಂಟೆಗೊಮ್ಮೆ ಎದ್ದು ಅಳೆದು ಮತ್ತೆ ಗಾಢ ನಿದ್ರೆಗೆ ಹೋಗಬಲ್ಲದು. ಆಗ ಚಿಪ್ ಎಳೆಯುವುದು ಮೈಕ್ರೊಆಂಪಿಯರ್‌ಗಳಲ್ಲಿ, ಆದರೆ ಬೋರ್ಡಿನ ಮೇಲಿನ ದೀಪವೂ ಉಳಿದ ಭಾಗಗಳೂ ತಮ್ಮ ಪಾಲು ಎಳೆಯುತ್ತಲೇ ಇರುತ್ತವೆ ಎಂಬುದನ್ನು ಹೇಳಲು ಮರೆಯಬಾರದು. ಮಕ್ಕಳು ಇಎಸ್‌ಪಿ32 ಆರಿಸಿದರು.

ಆಳಂದದ ಮಕ್ಕಳು ಕೂಗಿದ್ದೂ ಇದೇ ಹೆಸರು. ಹಾಗಾಗಿ ಮೌಲ್ಯಮಾಪನದ ಹಾಳೆಯಲ್ಲಿ ಬೋರ್ಡಿನ ಹೆಸರಿಗೆ ಈಗ ಅಂಕವಿಲ್ಲ. ಕಾರಣಕ್ಕೆ ನಾಲ್ಕು, 'ಬೋರ್ಡ್ ಬೇಡ' ಎಂದು ಸಮರ್ಥಿಸಿದರೂ ನಾಲ್ಕು. ಆಳಂದಕ್ಕೆ ಮತ್ತೆ ಹೋಗಿ ಆ ಪಾಠವನ್ನು ಮೊದಲಿನಿಂದ ಮಾಡಿದೆವು. ಈ ಸಲ ವಹಿಯಲ್ಲಿ ಟೀಕಿಸಿದ ಪ್ರಶಿಕ್ಷಣಾರ್ಥಿಯೇ ಬೋಧಿಸಿದರು, ನಾನು ಹಿಂದೆ ಕುಳಿತು ಬರೆದುಕೊಂಡೆ.

ಅಫಜಲಪುರದ ಟ್ಯಾಂಕಿಗೆ ಸದ್ಯ ಬಜರ್ ಮಾತ್ರ ಕೂತಿದೆ. ಎಣಿಸುವ ಊನೊಗೆ ಮಳೆ ನೀರು ಇಳಿಯದ ಡಬ್ಬಿ ಹುಡುಕುತ್ತಿದ್ದೇವೆ.